ಕರೆಂಟ್ ಹೋದರೂ ಒಲೆ ಆರಿರುವುದಿಲ್ಲ, ಮಾರಾಯರೇ

ನಿನ್ನೆ ನಮ್ಮ ಜೇನು ಸಾಕುವವರ ಗುಂಪಿನಲ್ಲಿ ನೀವು ಹಾಕಿದ ಚಿತ್ರ ನೋಡಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರದ ಬೆಂಚು, ಅದರ ಮೇಲೆ ಬಿಳಿ ಮಣ್ಣಿನ ತಟ್ಟೆಯ 2000 ವಾಟ್ ಕಾಯಿಲ್ ಒಲೆ, ಕಾಯಿಲ್ ಮೇಲೆ ನೇರವಾಗಿ ಅಲ್ಯುಮಿನಿಯಂ ಬೋಗುಣಿ, ಅದರೊಳಗೆ ನೀರು ಮತ್ತು ಹಳೆಯ ಎರಿ, ಅಂದರೆ ಜೇನುಹುಳು ಕಟ್ಟಿದ ಮೇಣದ ತಟ್ಟು. ನೀವು ಕೇಳಿದ್ದು ಕರಗಿಸಿದ ಜೇನುಮೇಣ ಏಕೆ ಕಂದಾಗುತ್ತಿದೆ ಎಂದು. ಅದಕ್ಕೆ ಬಹಳ ಜನ ಉತ್ತರ ಕೊಟ್ಟಿದ್ದಾರೆ. ಆದರೆ ನಡುವೆ ನೀವು ಬರೆದ ಒಂದು ಸಾಲನ್ನು ಯಾರೂ ಹಿಡಿದು ಕೇಳಲಿಲ್ಲ. ಮೇಣ ಅರ್ಧ ಕರಗಿದ್ದಾಗ ಕರೆಂಟ್ ಹೋಯಿತು, ಹಾಗೆಯೇ ಬಿಟ್ಟು ಊಟಕ್ಕೆ ಹೋದೆ, ಬರುವಷ್ಟರಲ್ಲಿ ಕರೆಂಟ್ ಬಂದು ಮೇಣ ತಾನಾಗಿಯೇ ಕುದಿಯುತ್ತಿತ್ತು ಎಂದು ಬರೆದಿದ್ದೀರಿ. ಅದೂ ಅನುಕೂಲವಾಯಿತು ಎಂಬ ಧಾಟಿಯಲ್ಲಿ.

ಎಂಟು ಮಳೆಗಾಲದ ಹಿಂದೆ ನಾನು ಮಾಡಿದ್ದು ಅಕ್ಷರಶಃ ಇದನ್ನೇ. ಜುಲೈ ತಿಂಗಳು, ಮಳೆ ಹಿಡಿದು ಕೂತಿತ್ತು. ಹಗಲಿನಲ್ಲಿ ಮೇಣ ಕಾಯಿಸಿದರೆ ತುಡುವೆ ಜೇನುಹುಳುಗಳು ವಾಸನೆಗೆ ಮುತ್ತಿಕೊಳ್ಳುತ್ತವೆ ಎಂದು ನಾವೆಲ್ಲ ಮಾಡುವಂತೆ ಕತ್ತಲಾದ ಮೇಲೆ, ಬಾಗಿಲು ಹಾಕಿಕೊಂಡು ಶುರು ಮಾಡಿದ್ದೆ. ವರ್ಷವಿಡೀ ಕೂಡಿಟ್ಟ ಎರಿ, ಸುಮಾರು ಮೂರು ಕಿಲೋ ಮೇಣ ಬರಬೇಕಿತ್ತು. ಎಂಟು ಗಂಟೆಗೆ ಕರೆಂಟ್ ಹೋಯಿತು. ಕಾಯಿಲ್‌ನ ಕೆಂಪು ಆರಿತು, ಟಾರ್ಚ್ ಹಿಡಿದು ಮನೆಗೆ ಬಂದೆ. ಸ್ವಿಚ್ ಆರಿಸಬೇಕೆಂದು ಹೊಳೆಯಲೇ ಇಲ್ಲ, ಏಕೆಂದರೆ ಕಣ್ಣಿಗೆ ಒಲೆ ಆರಿತ್ತು. ಊಟ ಮಾಡಿದೆವು, ಕರೆಂಟ್ ಬರಲಿಲ್ಲ, ಮಲಗಿದೆವು.

ಇಷ್ಟರೊಳಗೆ ಪಾತ್ರೆಯಲ್ಲಿ ಏನಾಗಿರುತ್ತದೆ ಎಂದು ಯೋಚಿಸಿ. ಮೇಣ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ತಣಿದಾಗ ಅದು ಪಾತ್ರೆಯ ಅಂಚಿಗೆ ಕಚ್ಚಿಕೊಂಡು ಗಟ್ಟಿ ಮುಚ್ಚಳವಾಗುತ್ತದೆ. ಕೆಳಗೆ ನೀರು ಬಂದಿಯಾಗಿರುತ್ತದೆ. ನಡುರಾತ್ರಿ ಕರೆಂಟ್ ಬಂದಾಗ ಕಾಯಿಲ್ ಮೊದಲು ಕಾಯಿಸುವುದು ತಳದ ಆ ನೀರನ್ನು. ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಒಂದು ಹೊತ್ತಿನಲ್ಲಿ ಮುಚ್ಚಳ ಒಡೆದು ಬಿಸಿ ಮೇಣ, ನೀರು ಎರಡೂ ಚಿಮ್ಮಿ ಕೆಂಪಾದ ಕಾಯಿಲ್ ಮೇಲೆಯೇ ಬೀಳುತ್ತವೆ. ಕಬ್ಬಿಣವಾಗಲಿ ಕಾಯಿಲ್‌ನ ನೈಕ್ರೋಮ್ ತಂತಿಯಾಗಲಿ ಕಣ್ಣಿಗೆ ಕೆಂಪಾಗಿ ಕಾಣಬೇಕಾದರೆ 500 ಡಿಗ್ರಿ ದಾಟಿರಲೇಬೇಕು. ಜೇನುಮೇಣದ ಹೊಗೆ ಕಿಡಿ ತಾಗಿ ಹೊತ್ತಿಕೊಳ್ಳಲು ಇನ್ನೂರು ಚಿಲ್ಲರೆ ಡಿಗ್ರಿ ಸಾಕು.

ಇನ್ನೊಂದು ವಿಷಯ ನನಗೆ ತಿಳಿದದ್ದು ಆಮೇಲೆ. ನಮ್ಮ ಕಡೆ ಸಂಜೆ ಎಲ್ಲರ ಮನೆಯಲ್ಲಿ ದೀಪ, ಮಿಕ್ಸಿ, ಪಂಪು ಓಡುವಾಗ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ನಡುರಾತ್ರಿ 250ಕ್ಕೆ ಏರುತ್ತದೆ. ಕಾಯಿಲ್‌ನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುವುದರಿಂದ 230 ವೋಲ್ಟಿಗೆ 2000 ವಾಟ್ ಇರುವ ಒಲೆ 180ರಲ್ಲಿ ಸುಮಾರು 1225 ವಾಟ್ ಕೊಡುತ್ತದೆ, 250ರಲ್ಲಿ 2360. ಸಂಜೆ ನಾನು ನೋಡಿಕೊಂಡು ಹೊಂದಿಸಿಟ್ಟ ಒಲೆ ರಾತ್ರಿ ಹೆಚ್ಚುಕಡಿಮೆ ಎರಡು ಪಟ್ಟು ಉರಿಯಿತು. ಒಲೆ ಸಂಜೆ ಸರಿಯಾಗಿ ಕಾಯುವುದಿಲ್ಲ ಎಂದು ದೊಡ್ಡ ಕಾಯಿಲ್ ಹಾಕಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಮನೆಯವಳಿಗೆ ವಾಸನೆ ಬಂದು ಎಬ್ಬಿಸಿದಳು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಬೆಂಚು, ಅದರ ಹಿಂದೆ ಒರಗಿಸಿದ್ದ ಜೇನುಪೆಟ್ಟಿಗೆಯ ಚೌಕಟ್ಟುಗಳು ಉರಿಯುತ್ತಿದ್ದವು, ಪಾತ್ರೆಯಲ್ಲಿ ಉಳಿದ ಮೇಣದ ಮೇಲೂ ಬೆಂಕಿ. ಅವಳು ಕೊಡದ ನೀರು ಎತ್ತಿದ್ದಳು, ನಾನು ಕೂಗಿ ನಿಲ್ಲಿಸಿದೆ. ಉರಿಯುವ ಮೇಣಕ್ಕೆ ನೀರು ಹಾಕಿದರೆ ನೀರು ತಳಕ್ಕಿಳಿದು ಒಮ್ಮೆಲೇ ಆವಿಯಾಗಿ ಬೆಂಕಿಯನ್ನು ಮಾಡಿನವರೆಗೆ ಎಸೆಯುತ್ತದೆ. ಮೊದಲು ಮೇನ್ ಸ್ವಿಚ್ ಇಳಿಸಿದೆ, ಹಂಡೆಯ ಮುಚ್ಚಳ ತಂದು ಪಾತ್ರೆಯ ಮೇಲೆ ಕವುಚಿದೆ, ಬೆಂಚಿನ ಮೇಲೆ ಮರಳು ಸುರಿದೆವು. ಮುಚ್ಚಳವನ್ನು ಬೆಳಗಿನವರೆಗೆ ತೆಗೆಯಲಿಲ್ಲ. ಬೇಗ ತೆಗೆದರೆ ಗಾಳಿ ಸಿಕ್ಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಬಲ ಮುಂಗೈಯ ಮೇಲೆ ಮೇಣ ಬಿದ್ದ ಗುರುತು ಇನ್ನೂ ಇದೆ. ಹಾಗೆ ಮೇಣ ಬಿದ್ದರೆ ಕೀಳಲು ಹೋಗಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ, ಆಮೇಲೆ ವೈದ್ಯರಿಗೆ ತೋರಿಸಿ. ಟೂತ್‌ಪೇಸ್ಟ್, ಶಾಯಿ ಯಾವುದೂ ಬೇಡ.

ಆಮೇಲೆ ನಾನು ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ತೋಟದ ಪಂಪಿನ ಸ್ಟಾರ್ಟರ್ ಎಲ್ಲರಿಗೂ ಗೊತ್ತಿದೆಯಲ್ಲ. ಕರೆಂಟ್ ಹೋದರೆ ಒಳಗಿನ ಕಾಂಟ್ಯಾಕ್ಟರ್, ಅಂದರೆ ಅಯಸ್ಕಾಂತದ ಬಲದಲ್ಲಿ ಹಿಡಿದುಕೊಂಡಿರುವ ಸ್ವಿಚ್, ಕಳಚಿಕೊಳ್ಳುತ್ತದೆ. ಕರೆಂಟ್ ಬಂದರೂ ನಾವು ಹೋಗಿ ಹಸಿರು ಗುಂಡಿ ಒತ್ತುವವರೆಗೆ ಪಂಪು ಓಡುವುದಿಲ್ಲ. ಒಲೆಗೂ ಅದನ್ನೇ ಹಾಕಿಸಿದೆ. ಅಯಸ್ಕಾಂತದ ಕಾಯಿಲ್ 230 ವೋಲ್ಟಿನದಾಗಿರುವ, ಎರಡು ಪೋಲಿನ 25 ಆಂಪಿಯರ್ ಕಾಂಟ್ಯಾಕ್ಟರ್ ಒಂದು, ಹಸಿರು ಕೆಂಪು ಗುಂಡಿ ಎರಡು, ಒಂದು ಪೆಟ್ಟಿಗೆ. ಅದರಿಂದ ಮುಂದೆ 16 ಆಂಪಿಯರ್ ಸಾಕೆಟ್. ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸವೂ ಅಲ್ಲ. ಎಂಟು ವರ್ಷಗಳಲ್ಲಿ ಎಷ್ಟು ಸಲ ಕೆಲಸದ ನಡುವೆ ಕರೆಂಟ್ ಹೋಗಿ ಬಂದಿದೆಯೋ ಲೆಕ್ಕವಿಲ್ಲ, ಒಮ್ಮೆಯೂ ಒಲೆ ತಾನಾಗಿ ಹೊತ್ತಿಲ್ಲ.

ಇದರಲ್ಲೂ ಎಚ್ಚರ ಬೇಕು. ಮನೆಯಲ್ಲಿ ಬಿದ್ದಿರುವ ಹಳೆಯ ತ್ರೀ ಫೇಸ್ ಸ್ಟಾರ್ಟರ್ ತಂದು ಜೋಡಿಸಬೇಡಿ. ಅದರ ಕಾಯಿಲ್ ಸಾಮಾನ್ಯವಾಗಿ 415 ವೋಲ್ಟಿನದು, ಮನೆಯ ಸಿಂಗಲ್ ಫೇಸಿಗೆ ಹಿಡಿಯುವುದಿಲ್ಲ. ಪಂಪಿಗೆ ಹಾಕುವಂತೆ, ಕರೆಂಟ್ ಬಂದೊಡನೆ ತಾನಾಗಿ ಶುರು ಮಾಡುವ ಆಟೋ ಸಾಧನವನ್ನು ಇದಕ್ಕೆ ಸೇರಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಮತ್ತು ಇದನ್ನು ನೀವೇ ಮಾಡಲು ಕೂರಬೇಡಿ, ವೈರಿಂಗ್ ಗೊತ್ತಿರುವವರನ್ನು ಕರೆಯಿರಿ. ಈ ವ್ಯವಸ್ಥೆ ಆಗುವವರೆಗೆ ಒಂದೇ ಅಭ್ಯಾಸ ಇರಲಿ. ಕರೆಂಟ್ ಹೋದ ಕ್ಷಣ ಪ್ಲಗ್ ಕಿತ್ತಿಟ್ಟ ಮೇಲೆಯೇ ಕೋಣೆಯಿಂದ ಹೊರಬನ್ನಿ. ಸ್ವಿಚ್ ಆರಿಸಿದರೆ ಸಾಲದು. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವುದುಂಟು. ಆಗ ಸ್ವಿಚ್ ಆರಿದ್ದರೂ ಕಾಯಿಲ್‌ನಲ್ಲಿ ಕರೆಂಟ್ ಇರುತ್ತದೆ. ತೆರೆದ ಕಾಯಿಲ್ ಒಲೆಗೆ ಅಲ್ಯುಮಿನಿಯಂ ಬೋಗುಣಿಯ ತಳ ತಾಗಿದರೆ ಬೋಗುಣಿಯೇ ಶಾಕ್ ಹೊಡೆಯುತ್ತದೆ. ಸ್ಟೀಲ್ ಸೌಟು ಹಿಡಿದು ಕಲಕುವ ನಿಮ್ಮ ಕೈ, ಒದ್ದೆ ನೆಲದ ಮೇಲೆ ಬರಿಗಾಲು. ಮುಂದಿನದನ್ನು ಹೇಳುವುದು ಬೇಡ.

ಆದ್ದರಿಂದ ಆ ಬಿಳಿ ತಟ್ಟೆಯ ಒಲೆಯನ್ನು ದಯವಿಟ್ಟು ಇಂದೇ ಕೈಬಿಡಿ. ಕಾಯಿಲ್ ತುಂಡಾದಾಗ ಎರಡು ತುದಿಗಳನ್ನು ತಿರುಚಿ ಸೇರಿಸಿ ಓಡಿಸುತ್ತಿದ್ದೇನೆ ಎಂದು ಬೇರೆ ಬರೆದಿದ್ದೀರಿ. ಹಾಗೆ ಮಾಡಿದಾಗಲೆಲ್ಲ ತಂತಿಯ ಉದ್ದ ಕಡಿಮೆಯಾಗಿ ಒಲೆ ಮೊದಲಿಗಿಂತ ಹೆಚ್ಚು ಕರೆಂಟ್ ಎಳೆಯುತ್ತದೆ, ತಿರುಚಿದ ಜಾಗವೇ ಮತ್ತೆ ಸುಟ್ಟು ತುಂಡಾಗುತ್ತದೆ. ಮುಚ್ಚಿದ ಎರಕದ ಕಬ್ಬಿಣದ ತಟ್ಟೆ ಇರುವ ಹಾಟ್ ಪ್ಲೇಟ್ ತೆಗೆದುಕೊಳ್ಳಿ, ಥರ್ಮೋಸ್ಟಾಟ್ ಇರಲಿ, ಮೂರು ಪಿನ್ ಇರಲಿ. ಪೆಟ್ಟಿಗೆಯ ಮೇಲೆ ತಯಾರಕರ ಹೆಸರಿಲ್ಲದ, ಐಎಸ್‌ಐ ಗುರುತಿಲ್ಲದ ಒಲೆಯನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರದು, ಚಾಲ್ತಿಯಲ್ಲಿದೆಯೇ ಎಂದು ಅಂಗಡಿಯಲ್ಲಿ ನಿಂತೇ ನೋಡಬಹುದು. ನಾನು ಒಂದನ್ನು ಹಾಗೆ ನೋಡಿ ಹಿಂದಿರುಗಿಸಿ ಬಂದಿದ್ದೇನೆ.

ಎರಕದ ತಟ್ಟೆಗೂ ಅದರದೇ ಅಪಾಯ ಇದೆ. ಕೆಂಪಾಗುವುದಿಲ್ಲ, ಆದ್ದರಿಂದ ಬಿಸಿ ಇದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ಸಣ್ಣ ದೀಪ ಆರಿತೆಂದರೆ ಥರ್ಮೋಸ್ಟಾಟ್ ಆ ಕ್ಷಣ ಕರೆಂಟ್ ತಡೆದಿದೆ ಎಂದಷ್ಟೇ ಅರ್ಥ. ತಟ್ಟೆ ಅರ್ಧ ಗಂಟೆಯಾದರೂ ಕೈ ಸುಡುತ್ತದೆ. ಮಕ್ಕಳಿರುವ ಮನೆಯಲ್ಲಿ ಆರಿಸಿದ ಮೇಲೂ ಅದರ ಮೇಲೆ ತಣ್ಣೀರಿನ ಪಾತ್ರೆ ಇಟ್ಟು ಬನ್ನಿ.

2000 ವಾಟ್ ಏಕೆ ಬೇಕು ಎಂದೂ ನನಗೆ ಅರ್ಥವಾಗಿಲ್ಲ. ಮೇಣ ಕರಗುವುದು 62ರಿಂದ 65 ಡಿಗ್ರಿಯಲ್ಲಿ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಸ್ಟೀಲ್ ಪಾತ್ರೆಯಲ್ಲಿ ಮೇಣ, ಎರಡು ತಳಗಳ ನಡುವೆ ಒಂದು ಸಿಂಬಿ. ನೀರು ಇರುವವರೆಗೆ ಮೇಣ 100 ಡಿಗ್ರಿ ದಾಟುವ ಹಾಗೇ ಇಲ್ಲ, ಕಂದಾಗುವ ನಿಮ್ಮ ತೊಂದರೆಯೂ ಇದರಲ್ಲೇ ಬಹುಪಾಲು ಮುಗಿಯುತ್ತದೆ. ಐದು ಲೀಟರ್ ನೀರನ್ನು 25ರಿಂದ 90 ಡಿಗ್ರಿಗೆ ತರಲು 1000 ವಾಟ್ ಒಲೆಗೆ ಲೆಕ್ಕದ ಪ್ರಕಾರ 23 ನಿಮಿಷ ಸಾಕು. ಪಾತ್ರೆ, ಗಾಳಿಗೆ ಹೋಗುವ ಶಾಖ ಸೇರಿದರೆ ಮುಕ್ಕಾಲು ಗಂಟೆ ಹಿಡಿಯಿರಿ. ಹೊರಗಿನ ನೀರು ಬತ್ತುತ್ತಿದೆಯೇ ಎಂದು ನೋಡುತ್ತಿರಬೇಕು, ಬತ್ತಿದರೆ ಬಿಸಿ ನೀರನ್ನೇ ಸೇರಿಸಿ.

ಇನ್ನು ನಿಮ್ಮ ಚಿತ್ರದಲ್ಲಿ ಒಲೆಗೆ ಕರೆಂಟ್ ಕೊಟ್ಟಿರುವ ಎಕ್ಸ್‌ಟೆನ್ಷನ್ ಬೋರ್ಡು. 2000 ವಾಟ್ ಎಂದರೆ 8.7 ಆಂಪಿಯರ್. ನಿಮ್ಮ ಬೋರ್ಡಿನ ತೂತುಗಳು 6 ಆಂಪಿಯರ್‌ನವು, ಒಲೆಯ ದಪ್ಪ ಪಿನ್ನಿಗೆ ಅಡಾಪ್ಟರ್ ಸಿಕ್ಕಿಸಿ ಕೊಟ್ಟಿದ್ದೀರಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿ, ತೂತಿನ ಸುತ್ತ ಪ್ಲಾಸ್ಟಿಕ್ ಆಗಲೇ ಕಂದಿದೆ. ಉಳಿದ ವೈರನ್ನು ಸುರುಳಿ ಸುತ್ತಿ ಬೆಂಚಿನ ಕೆಳಗೆ ಇಟ್ಟಿದ್ದೀರಿ. ಸುತ್ತಿದ ವೈರಿನ ಶಾಖ ಹೊರಗೆ ಹೋಗದೆ ಒಳಗೇ ಕೂರುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿ. ಒಲೆಗೆ ಗೋಡೆಯಿಂದ ನೇರವಾಗಿ 16 ಆಂಪಿಯರ್ ಸಾಕೆಟ್, ಅದಕ್ಕೆ ಮೇನ್ ಬೋರ್ಡಿನಿಂದಲೇ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ಪ್ರತ್ಯೇಕ ಲೈನ್ ಬೇಕು. ನಾನು ಫಿನೋಲೆಕ್ಸ್ ತಂತಿ, ಆ್ಯಂಕರ್ ಸಾಕೆಟ್ ಹಾಕಿಸಿದ್ದೇನೆ, ಎರಡೂ ಇಂದಿಗೂ ಹೊಸದರಂತೆ ಇವೆ. ಹ್ಯಾವೆಲ್ಸ್, ಲೆಗ್ರಾಂಡ್ ಹಾಕಿಸಿದವರೂ ಚೆನ್ನಾಗಿವೆ ಎನ್ನುತ್ತಾರೆ. ಯಾವುದೇ ಆಗಲಿ, ಒಳಗಿನ ಸ್ಕ್ರೂ ಸಡಿಲವಾದರೆ ಬ್ರ್ಯಾಂಡ್ ಕಾಪಾಡುವುದಿಲ್ಲ. ಕೆಲಸ ಶುರುವಾಗಿ ಹದಿನೈದು ನಿಮಿಷಕ್ಕೆ ಸ್ವಿಚ್ ಆರಿಸಿ, ಪ್ಲಗ್ಗಿನ ಹಿಂಬದಿ ಮುಟ್ಟಿ ನೋಡುವುದು ನನ್ನ ಪದ್ಧತಿ. ಉಗುರುಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಿದ್ದರೆ ಅಂದಿನ ಕೆಲಸ ಅಲ್ಲಿಗೇ ನಿಲ್ಲಿಸುತ್ತೇನೆ.

ಎಂಸಿಬಿ ಇದೆ, ಭಯವಿಲ್ಲ ಎಂದು ಒಬ್ಬರು ಬರೆದಿದ್ದಾರೆ. ಎಂಸಿಬಿ ಎಂದರೆ ಕರೆಂಟ್ ಮಿತಿಮೀರಿದಾಗ ತಾನಾಗಿ ಬೀಳುವ ಸ್ವಿಚ್, ಅದು ನೋಡಿಕೊಳ್ಳುವುದು ವೈರನ್ನು. ಮನುಷ್ಯನ ಮೈಯ ಮೂಲಕ ಸೋರುವ ಕರೆಂಟ್ ಅದರ ಗಮನಕ್ಕೇ ಬರುವುದಿಲ್ಲ. ಅದಕ್ಕೆ ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು, ಸರಿಯಾದ ಅರ್ಥಿಂಗ್ ಬೇಕು. ಇಲ್ಲಿ ಮಲೆನಾಡಿನವರಿಗೆ ಒಂದು ಮಾತು. ಹಾಟ್ ಪ್ಲೇಟನ್ನು ಮಳೆಗಾಲವಿಡೀ ಅಟ್ಟದ ಮೇಲಿಟ್ಟು ಕೆಳಗಿಳಿಸಿ ಹಚ್ಚಿದರೆ ಆರ್‌ಸಿಸಿಬಿ ಬೀಳುವುದುಂಟು. ಒಳಗಿನ ಕಾಯಿಲ್ ಸುತ್ತ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿರುತ್ತದೆ. ಆಗ ಆರ್‌ಸಿಸಿಬಿಯನ್ನೇ ತಪ್ಪಿಸಿ ನೇರ ಲೈನ್ ಕೊಡುವವರನ್ನು ನೋಡಿದ್ದೇನೆ, ಅದು ಮಾಡಬಾರದ ಕೆಲಸ. ಒಲೆಯನ್ನು ಎರಡು ದಿನ ಬಿಸಿಲಿಗೆ ಅಥವಾ ಬಚ್ಚಲ ಒಲೆಯಿಂದ ಸ್ವಲ್ಪ ದೂರ ಇಟ್ಟು ಒಣಗಿಸಿ. ಆಮೇಲೂ ಬಿದ್ದರೆ ಗುಜರಿಗೆ ಹಾಕಿ.

ಇಂಡಕ್ಷನ್ ಒಲೆ ಆಗುತ್ತದೆಯೇ ಎಂದು ಕೇಳಿದವರಿಗೆ: ಆಗುತ್ತದೆ, ಹೊರಗಿನ ಪಾತ್ರೆ ಅಯಸ್ಕಾಂತ ಹಿಡಿಯುವಂಥದ್ದಾಗಿದ್ದರೆ. ಕರೆಂಟ್ ಹೋಗಿ ಬಂದರೆ ಸಾಮಾನ್ಯವಾಗಿ ಗುಂಡಿ ಒತ್ತುವವರೆಗೆ ಸುಮ್ಮನಿರುತ್ತದೆ, ಅದು ನನಗೆ ಇಷ್ಟ. ಸಂಜೆ ವೋಲ್ಟೇಜ್ ಬಿದ್ದರೆ ಕೂಗಿ ನಿಲ್ಲುತ್ತದೆ, ಆಗ ಕಾಯಬೇಕು. ಅಡಿಯಲ್ಲಿ ಪೇಪರ್ ಹಾಸಬೇಡಿ, ಫ್ಯಾನಿಗೆ ಗಾಳಿ ಬೇಕು. ಮನೆಯ ಇನ್ವರ್ಟರಿಗೆ ಮಾತ್ರ ಇಂಡಕ್ಷನ್ ಆಗಲಿ ಹಾಟ್ ಪ್ಲೇಟ್ ಆಗಲಿ ಕೊಡಲೇಬೇಡಿ.

ಹತ್ತು ವರ್ಷದಿಂದ ಹೀಗೆಯೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ ಎಂದು ಮೇಲೆ ಬರೆದ ಹಿರಿಯರೇ, ಹೊಸಬರು ಓದುವ ಜಾಗದಲ್ಲಿ ಅದನ್ನು ಬರೆಯಬೇಡಿ. ನನಗೂ ಆ ರಾತ್ರಿಯವರೆಗೆ ಏನೂ ಆಗಿರಲಿಲ್ಲ.

ಮೇಣದ ಬಣ್ಣದ ಬಗ್ಗೆ ಉಳಿದದ್ದು ಇಷ್ಟು. ಕಬ್ಬಿಣ, ತಾಮ್ರ, ಹಿತ್ತಾಳೆ ಪಾತ್ರೆ ಬೇಡ, ಸ್ಟೀಲ್ ಒಂದೇ ಸಾಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮೇಣ ಸಾಬೂನಿನ ನೊರೆಯಂತೆ ಸ್ಪಂಜಾಗುತ್ತದೆ, ಮಳೆನೀರು ಹಿಡಿದಿಟ್ಟುಕೊಳ್ಳಿ. ಎರಿಯನ್ನು ಹಿಂದಿನ ರಾತ್ರಿ ನೆನೆಹಾಕಿ ಹಿಂಡಿ ತೆಗೆದರೆ ಕೊಳೆ ಅರ್ಧ ಅಲ್ಲೇ ಹೋಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿದ ಮೇಲೆ ಪಾತ್ರೆಗೆ ಗೋಣಿಚೀಲ ಸುತ್ತಿ ನಿಧಾನ ತಣಿಯಲು ಬಿಡಿ, ತಳದ ಕಪ್ಪನ್ನು ಮರುದಿನ ಚಾಕುವಿನಲ್ಲಿ ಕೆರೆಯಿರಿ. ಆದರೆ ಗೋಣಿಚೀಲ ಸುತ್ತುವ ಮೊದಲು ಪಾತ್ರೆಯನ್ನು ಒಲೆಯಿಂದ ಇಳಿಸಿ ನೆಲದ ಮೇಲಿಡಿ, ಒಲೆಯ ಪ್ಲಗ್ ಕಿತ್ತಿದೆಯೇ ಎಂದು ಕಣ್ಣಾರೆ ನೋಡಿ. ಹೊಸ ಒಲೆ ತಂದ ಮೇಲೆ ಸಾಕೆಟ್ಟಿನ ಚಿತ್ರವನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.