ಅತ್ತೆಯ ಕಾಲುನೋವು ಮತ್ತು ಅಮೆರಿಕದ ಸಂಶೋಧನೆ

ಮಂಗಳೂರಿನ ಬಿಜೈಯಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಅತ್ತೆಗೆ ಕೆಳಬೆನ್ನಿನ ನರನಾಳ ಕಿರಿದಾಗಿದೆ, ಸ್ಪೈನಲ್ ಸ್ಟೆನೋಸಿಸ್ ಎಂದು ಎಂಆರ್‌ಐ ವರದಿ ಬಂದಿದೆ. ಒಬ್ಬ ವೈದ್ಯರು ಆಪರೇಷನ್ ಎನ್ನುತ್ತಾರೆ, ಇನ್ನೊಬ್ಬರು ಫಿಸಿಯೋಥೆರಪಿ ಸಾಕು ಎನ್ನುತ್ತಾರೆ. ಎರಡರ ಫಲವೂ ಒಂದೇ ಎಂದು ಅಮೆರಿಕದ ಸಂಶೋಧನೆ ಹೇಳಿದೆಯಂತೆ. ಹಾಗಾದರೆ ಆಪರೇಷನ್ ದುಡ್ಡು ದಂಡವೇ? ಅಂಗಳ ಗುಡಿಸುವಾಗ ಇಲ್ಲದ ನೋವು ನಡೆಯುವಾಗ ಮಾತ್ರ ಎಲ್ಲಿಂದ ಬರುತ್ತದೆ ಎಂದು ಮನೆಯಲ್ಲಿ ಅನುಮಾನವೂ ಇದೆ.’

ಮೊದಲು ಆ ಅನುಮಾನ ಬಿಡಿ. ಹಿಡಿಸೂಡಿ ಹಿಡಿದು ಬಗ್ಗಿದಾಗ ನರನಾಳ ತುಸು ಅಗಲವಾಗುತ್ತದೆ. ನೆಟ್ಟಗೆ ನಿಂತರೆ, ನಡೆದರೆ ಮತ್ತೆ ಬಿಗಿಯುತ್ತದೆ. ಹಂಪನಕಟ್ಟೆಯಿಂದ ಬಾವುಟಗುಡ್ಡೆಗೆ ಮುಂದಕ್ಕೆ ಬಾಗಿ ಏರಿ ಹೋದವರು ಇಳಿಯುವಾಗ ಕಾಲು ಜೋಮು ಹಿಡಿದು, ಕೂರಲು ಜಾಗ ಹುಡುಕುವುದು ಇದೇ ಕಾರಣಕ್ಕೆ. ನಿಮ್ಮ ಅತ್ತೆ ನಟಿಸುತ್ತಿಲ್ಲ. ಈ ಮಾತನ್ನು ದಯವಿಟ್ಟು ಮನೆಮಂದಿಯ ಎದುರು ಓದಿ ಹೇಳಿ.

ಇನ್ನು ಸಂಶೋಧನೆ. ನೀವು ಕೇಳಿರುವುದು ಬಹುಶಃ 2015ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ತಂಡದ ಅಧ್ಯಯನ. ಆಪರೇಷನ್‌ಗೆ ಒಪ್ಪಿದ್ದ 169 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಫಿಸಿಯೋಥೆರಪಿ ಎಂದು ನಿಗದಿಪಡಿಸಿದರು. ಎರಡು ವರ್ಷಗಳ ಬಳಿಕ ಓಡಾಟದ ಶಕ್ತಿಯಲ್ಲಿ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಆದರೆ ಅಷ್ಟರೊಳಗೆ ಫಿಸಿಯೋಥೆರಪಿ ಗುಂಪಿನ ಶೇ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು! ಲೆಕ್ಕದಲ್ಲಿ ಮಾತ್ರ ಅವರು ಫಿಸಿಯೋಥೆರಪಿ ಗುಂಪಿನಲ್ಲೇ ಉಳಿದರು. ಇದೇ ಕಾಯಿಲೆಯ ಬಗ್ಗೆ 2008ರಲ್ಲಿ ಪ್ರಕಟವಾದ ‘ಸ್ಪೋರ್ಟ್’ ಎಂಬ ಅಮೆರಿಕದ ಇನ್ನೊಂದು ಅಧ್ಯಯನದ ಕಥೆಯೂ ಇದೇ: ಆಪರೇಷನ್ ಬೇಡವೆಂದು ನಿಗದಿಯಾದವರಲ್ಲಿ ಶೇ 43 ಮಂದಿ ಅದನ್ನು ಮಾಡಿಸಿಕೊಂಡರು, ಬೇಕೆಂದು ನಿಗದಿಯಾದವರಲ್ಲಿ ಮೂರನೇ ಒಂದು ಪಾಲು ಮಾಡಿಸಿಕೊಳ್ಳಲೇ ಇಲ್ಲ. ನಿಜವಾಗಿ ಪಡೆದ ಚಿಕಿತ್ಸೆಯ ಪ್ರಕಾರ ಎಣಿಸಿದಾಗ ಆಪರೇಷನ್ ಮುಂದಿತ್ತು. ಆದರೆ ತಾವೇ ಆಯ್ದುಕೊಂಡವರ ಹೋಲಿಕೆಗೆ ಚೀಟಿಯ ನಿಷ್ಪಕ್ಷಪಾತ ಇರುವುದಿಲ್ಲ.

ಆದ್ದರಿಂದ ‘ದುಡ್ಡು ದಂಡ’ ಎಂಬ ತೀರ್ಮಾನ ಈ ಅಂಕಿಗಳಿಂದ ಹೊರಡುವುದಿಲ್ಲ. ನನಗೆ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ: ಆಪರೇಷನ್‌ಗೆ ತಯಾರಾಗಿ ಬಂದಿದ್ದರೂ ವ್ಯಾಯಾಮದ ಗುಂಪು ಸೇರಿದವರಲ್ಲಿ ಹತ್ತರಲ್ಲಿ ನಾಲ್ವರು ಎರಡು ವರ್ಷ ಅದಿಲ್ಲದೆಯೇ ಕಳೆದರು. ನಿಮ್ಮ ಅತ್ತೆಯೂ ಅವರಲ್ಲೊಬ್ಬರಾಗಬಹುದು. ಒಳ್ಳೆಯ ಫಿಸಿಯೋಥೆರಪಿಸ್ಟರ ಕೈಕೆಳಗೆ ಕೆಲವು ವಾರ ಮನಸ್ಸಿಟ್ಟು ಪ್ರಯತ್ನಿಸಲಿ. ಗೋಡೆಗೆ ಅಂಟಿಸಿದ ವ್ಯಾಯಾಮದ ಚಿತ್ರ ನೋಡಿಕೊಂಡು ಮಾಡುವುದು ಪ್ರಯತ್ನವಲ್ಲ. ನಡೆಯುವ ದೂರ ಕುಗ್ಗುತ್ತಲೇ ಹೋದರೆ ಆಪರೇಷನ್‌ಗೆ ಹೆದರಬೇಡಿ. ಆದರೆ ಸ್ಕ್ರೂ, ರಾಡ್ ಹಾಕಿ ಮೂಳೆ ಬೆಸೆಯಬೇಕೆಂದರೆ ಏಕೆಂದು ಕೇಳಿ. 2016ರಲ್ಲಿ ಪ್ರಕಟವಾದ ಸ್ವೀಡನ್ನಿನ 247 ರೋಗಿಗಳ ಅಧ್ಯಯನದಲ್ಲಿ, ನರದ ಮೇಲಿನ ಒತ್ತಡ ಬಿಡಿಸುವುದರ ಜೊತೆ ಬೆಸುಗೆಯನ್ನೂ ಮಾಡಿದ್ದರಿಂದ ಎರಡು ವರ್ಷಗಳ ಬಳಿಕ ಹೆಚ್ಚಿನ ಲಾಭ ಕಾಣಲಿಲ್ಲ.

ಇಷ್ಟೆಲ್ಲ ಯೋಚನೆ ನೋವಷ್ಟೇ ಇದ್ದರೆ ಮಾತ್ರ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿದರೆ, ಮರುದಿನದ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕೂಡಲೇ ಕರೆದೊಯ್ಯಿರಿ.