ಅಪ್ಪನ ಬಟನ್ ಫೋನೂ ಹೊಲಕ್ಕೆ ಬರುತ್ತೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮಪ್ಪಂಗೆ 64 ವರ್ಷ, ಓದೋಕೆ ಬರಲ್ಲ, ಕೈಲಿರೋದು ಬಟನ್ ಫೋನು. ಮೆಣಸಿನಕಾಯಿ ಹಾಕಿದಾರೆ. ನಾನಿರೋದು ಬೆಂಗಳೂರಲ್ಲಿ. ಎಲ್ರೂ ಆಪ್ ಆಪ್ ಅಂತಾರೆ, ಅಪ್ಪಂಗೆ ಒಂದು ಸ್ಮಾರ್ಟ್‌ಫೋನ್ ತೆಕ್ಕೊಡ್ಲಾ?
(ಓದುಗ, ಹಿರಿಯೂರು ತಾಲ್ಲೂಕು)

ಉತ್ತರ: ತೆಕ್ಕೊಡಿ, ಮೊಮ್ಮಕ್ಕಳ ಮುಖ ನೋಡೋಕಾದ್ರೂ ಆಗುತ್ತೆ. ಆದ್ರೆ ಬೇಸಾಯಕ್ಕೆ ಅಂತಾದ್ರೆ ಮೊದಲು ಆ ಬಟನ್ ಫೋನಲ್ಲೇ 1800-180-1551 ಸೇವ್ ಮಾಡ್ಕೊಟ್ಟು, ಸ್ಪೀಡ್ ಡಯಲ್ಲಿಗೆ ಹಾಕಿ ಬನ್ನಿ. ಅದು ಕಿಸಾನ್ ಕಾಲ್ ಸೆಂಟರ್, 2004ರ ಜನವರಿಯಿಂದ ಇದೆ, ಬೆಳಗ್ಗೆ 6ರಿಂದ ರಾತ್ರಿ 10ರ ತನಕ ಎತ್ತುತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತು.

ಒಂದು ವಿಷಯ ಮಾತ್ರ ಅಪ್ಪಂಗೆ ಹೇಳ್ಕೊಡಿ, ಕಾಲ್ ಮಾಡೋದು ಮನೆ ಕಟ್ಟೆ ಮೇಲೆ ಕೂತಲ್ಲ, ಗಿಡದ ಮುಂದೆ ನಿಂತ್ಕೊಂಡು. "ಮೆಣಸಿನ ಗಿಡ ಮುದುಡಿದೆ, ಏನ್ ಹೊಡೀಲಿ" ಅಂದ್ರೆ ಆ ಕಡೆ ಇರೋರು ಪಾಪ ಏನ್ ಹೇಳ್ತಾರೆ? ಎಲೆ ಅಂಚು ಮೇಲಕ್ಕೆ ದೋಣಿ ಥರ ಮುದುಡಿದ್ರೆ ಸಾಮಾನ್ಯವಾಗಿ ಅದು ಥ್ರಿಪ್ಸ್ ಹುಳ, ಕೆಳಕ್ಕೆ ಬಗ್ಗಿದ್ರೆ ಮೈಟ್ ನುಸಿ, ಎರಡಕ್ಕೂ ಔಷಧಿ ಬೇರೆ ಬೇರೆ. ಮೇಲಕ್ಕಾ ಕೆಳಕ್ಕಾ ಅಂತ ನೋಡ್ಕೊಂಡು ಹೇಳಿದ್ರೆ ಒಂದು ಡಬ್ಬಿ ಔಷಧಿ ದುಡ್ಡೇ ಉಳಿಯುತ್ತೆ. ಬಿತ್ತಿ ಎಷ್ಟು ದಿನ ಆಯ್ತು, ಕೊನೇ ಸಲ ಏನ್ ಹೊಡೆದ್ರಿ, ಅದನ್ನೂ ಕೇಳ್ತಾರೆ, ಮೊದಲೇ ನೆನಪು ಮಾಡ್ಕೊಂಡಿರ್ಲಿ.

ಓದೋಕೆ ಬರದಿರೋದು ಇಲ್ಲಿ ಅಡ್ಡಿನೇ ಅಲ್ಲ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಗುಜರಾತಲ್ಲಿ 2009ರ ಸುಮಾರಿಗೆ 'ಆವಾಜ್ ಓಟಲೋ' ಅಂತ ಒಂದು ಪ್ರಯೋಗ ಮಾಡಿದ್ರು, ಓಟಲೋ ಅಂದ್ರೆ ನಮ್ಮ ಜಗಲಿ ಇದೆಯಲ್ಲ ಅದು. ಒಂದು ನಂಬರಿಗೆ ಫೋನ್ ಹಚ್ಚಿ ಪ್ರಶ್ನೆ ಬಾಯಲ್ಲೇ ಹೇಳಿ ರೆಕಾರ್ಡ್ ಮಾಡೋದು, ಬೇರೆಯೋರ ಪ್ರಶ್ನೆಗೆ ಬಂದಿರೋ ಉತ್ತರಾನೂ ಕೇಳ್ಕೊಳ್ಳೋದು. 51 ರೈತರು ಏಳು ತಿಂಗಳು ಬಳಸಿದ್ರು, ಅವರಿಗೆ ತುಂಬಾ ಹಿಡಿಸಿದ್ದು ಬೇರೆ ರೈತರ ಪ್ರಶ್ನೆ ಉತ್ತರ ಕೇಳೋದೇ. ಪಕ್ಕದ ಊರಿನವನ ಹತ್ತಿಗೂ ಅದೇ ಹುಳ ಬಿದ್ದಿದೆ ಅಂತ ಅವನ ಬಾಯಿಂದಾನೇ ಕೇಳಿದ್ರೆ ಅದರ ಧೈರ್ಯನೇ ಬೇರೆ ಅಲ್ವಾ.

ಪ್ರಶ್ನೆ: ದಿನಾ ಮೊಬೈಲಲ್ಲಿ ಈರುಳ್ಳಿ ರೇಟು ನೋಡ್ತೀನಿ. ಹಾಕ್ಕೊಂಡು ಹೋದ್ರೆ ಆ ರೇಟು ಸಿಕ್ಕಿದ್ದೇ ಇಲ್ಲ. ಮತ್ತೆ ಈ ಮಾಹಿತಿಯಿಂದ ಏನುಪಯೋಗ?
(ಓದುಗ, ಗದಗ ಜಿಲ್ಲೆ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದ್ದೇ. ಮೊದಲು ಒಂದು ಸಣ್ಣ ವಿಷಯ, ಪಟ್ಟೀಲಿ ಮೂರು ರೇಟಿರುತ್ತೆ, ಕನಿಷ್ಠ, ಗರಿಷ್ಠ, ಇನ್ನೊಂದು ಮೋಡಲ್. ನಮ್ಮ ಕಣ್ಣು ಹೋಗೋದು ಗರಿಷ್ಠದ ಮೇಲೇನೇ. ಅದು ಆವತ್ತು ಒಳ್ಳೇ ದಪ್ಪ ಗಡ್ಡೆಯ ಒಂದೆರಡು ಲಾಟಿಗೆ ಬಿದ್ದಿರಬಹುದು ಅಷ್ಟೇ. ಹೆಚ್ಚು ಮಾಲು ಯಾವ ರೇಟಿಗೆ ಹೋಯ್ತೋ ಅದು ಮೋಡಲ್, ಮನೇಲಿ ಲೆಕ್ಕ ಹಾಕೋದು ಅದರ ಮೇಲೆ.

ಇನ್ನು ದೊಡ್ಡ ವಿಷಯ, ರೇಟು ಗೊತ್ತಾದ್ರೆ ಸಾಕಾ ಅನ್ನೋದು. ಕೇರಳದ ಉತ್ತರ ಕರಾವಳಿಗೆ, ಅಂದ್ರೆ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಕಡೆಗೆ 1997ರಿಂದ 2001ರ ನಡುವೆ ಮೊಬೈಲ್ ಟವರ್ ಬಂತು. ಅಲ್ಲೀವರೆಗೆ ಬೂತಾಯಿ ಮೀನು ಹಿಡಿಯೋರು ತಮ್ಮ ಊರಿನ ದಕ್ಕೆಗೇ, ಅಂದ್ರೆ ಮೀನು ಇಳಿಸೋ ಜಾಗಕ್ಕೇ ದೋಣಿ ತರೋರು, ಆ ದಿನ ಅಲ್ಲಿ ಮೀನು ಹೆಚ್ಚಾದ್ರೆ ಕೊಳ್ಳೋರಿಲ್ದೆ ವಾಪಸ್ ಸಮುದ್ರಕ್ಕೇ ಸುರಿಯೋರು, ಹತ್ತು ಹದಿನೈದು ಕಿಲೋಮೀಟರ್ ಆಚೆ ಇನ್ನೊಂದು ದಕ್ಕೇಲಿ ಜನ ಮೀನಿಗೆ ಕಾಯ್ತಾ ಇರೋರು. ಫೋನ್ ಬಂದಮೇಲೆ ದೋಣಿಯಿಂದಾನೇ ರೇಟು ಕೇಳಿ ಅತ್ತ ತಿರುಗಿಸೋಕೆ ಶುರು ಮಾಡಿದ್ರು. ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನ ಲೆಕ್ಕ ಹಾಕಿ 2007ರಲ್ಲಿ ಬರೆದ್ರು, ಮೀನುಗಾರರ ಲಾಭ ಸುಮಾರು ಶೇ 8 ಜಾಸ್ತಿ, ಕೊಳ್ಳೋರಿಗೆ ರೇಟು ಸುಮಾರು ಶೇ 4 ಕಮ್ಮಿ, ಚೆಲ್ಲೋದು ಹೆಚ್ಚುಕಮ್ಮಿ ನಿಂತೇ ಹೋಯ್ತು.

ಆದ್ರೆ ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ರೈತರಿಗೆ ಎಸ್ಸೆಮ್ಮೆಸ್ಸಲ್ಲಿ ಮಾರುಕಟ್ಟೆ ರೇಟು, ಹವಾಮಾನ ಎಲ್ಲ ಕಳಿಸಿ ನೋಡಿದ ಇನ್ನೊಂದು ಅಧ್ಯಯನ ಇದೆ, ಅದರಲ್ಲಿ ಈರುಳ್ಳಿ ಟೊಮೆಟೊ ಬೆಳೆಯೋರೂ ಇದ್ರು, ಅವರಿಗೆ ಸಿಕ್ಕ ಬೆಲೇಲಿ ಹೇಳ್ಕೊಳ್ಳೋಂಥ ವ್ಯತ್ಯಾಸನೇ ಕಾಣಲಿಲ್ಲ. ಯಾಕೆ? ನನಗನ್ಸೋದು, ಮೀನುಗಾರನ ಹತ್ರ ತಿರುಗಿಸೋಕೆ ತನ್ನದೇ ದೋಣಿ ಇತ್ತು. ನಿಮ್ಮ ಈರುಳ್ಳಿ ಗಾಡಿಗೆ ಬಾಡಿಗೆ ಕೊಟ್ಟಾಗಿದೆ, ದಲಾಲಿ ಹತ್ರ ಬೀಜ ಗೊಬ್ಬರಕ್ಕೆ ಅಂತ ದುಡ್ಡು ಇಸ್ಕೊಂಡಾಗಿದೆ, ಮಾಲು ಅವರ ಅಂಗಡಿಗೇ ಹಾಕ್ಬೇಕು. ರೇಟು ಗೊತ್ತಾಗಿ ಹೊಟ್ಟೆ ಉರೀಬಹುದು, ಗಾಡಿ ತಿರುಗಲ್ಲ. ಹಂಗಾಗಿ ಫೋನನ್ನ ರೇಟು ನೋಡೋದಕ್ಕಿಂತ ಜಾಸ್ತಿ ಜನ ಸೇರಿಸೋಕೆ ಬಳಸಿ ಅಂತೀನಿ. ಊರಿನ ನಾಲ್ಕೈದು ಜನ ಒಂದು ವಾಟ್ಸಾಪ್ ಗುಂಪು ಮಾಡ್ಕೊಂಡು ಒಂದೇ ದಿನ ಕಿತ್ತು, ಗ್ರೇಡ್ ಮಾಡಿ, ಒಂದೇ ಲಾರಿ ತುಂಬಿದ್ರೆ ಹುಬ್ಬಳ್ಳಿಗೋ ಯಶವಂತಪುರಕ್ಕೋ ಅನ್ನೋ ಮಾತಾದ್ರೂ ನಿಮ್ಮ ಕೈಲಿರುತ್ತೆ.

ಪ್ರಶ್ನೆ: ಬೆಳೆ ವಿಮೆ ಕಟ್ಟಿದ್ರೂ ನಮಗೆ ಬರಲಿಲ್ಲ, ಪಕ್ಕದವರಿಗೆ ಬಂತು. ಮೊಬೈಲಲ್ಲಿ ಏನಾದ್ರೂ ನೋಡೋಕಾಗುತ್ತಾ?
(ಓದುಗರು, ಕಲಬುರಗಿ ಜಿಲ್ಲೆ)

ಉತ್ತರ: ಆಗುತ್ತೆ, ನೋಡ್ಲೇಬೇಕು. ನಮ್ಮ ಮನೇಲೇ ಆಗಿತ್ತು ಇದು. ಹೊಲದಲ್ಲಿ ಎದೆಮಟ್ಟ ತೊಗರಿ ನಿಂತಿತ್ತು, ಸರ್ಕಾರದ ಬೆಳೆ ಸಮೀಕ್ಷೇಲಿ ಮೆಕ್ಕೆಜೋಳ ಅಂತ ಬರೆದಿತ್ತು, ವಿಮೆ ಕಟ್ಟಿದ್ದು ತೊಗರಿಗೆ. ಎರಡೂ ತಾಳೆ ಆಗ್ಲಿಲ್ಲ ಅಂದ್ರೆ ಕ್ಲೇಮ್ ಅಲ್ಲೇ ಕೂತ್ಬಿಡುತ್ತೆ. ನಮ್ಮತ್ತೆ ಆ ವರ್ಷ ಕಚೇರಿಗೆ ಓಡಾಡಿದ್ದು ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗುತ್ತೆ. 'ಬೆಳೆ ದರ್ಶಕ್' ಆಪಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿದ್ರೆ ಯಾವ ಬೆಳೆ ಬರೆದಿದಾರೆ, ಯಾವ ಫೋಟೋ ಹಾಕಿದಾರೆ ಎರಡೂ ಕಾಣುತ್ತೆ, ತಪ್ಪಿದ್ರೆ ಅಲ್ಲೇ ಆಕ್ಷೇಪಣೆ ಹಾಕ್ಬಹುದು. ಬೆಳೆ ಹೊಲದಲ್ಲಿರುವಾಗಲೇ ನೋಡಿ, ಕಟಾವಾದ ಮೇಲೆ ತೋರಿಸೋಕೇನು ಉಳಿದಿರಲ್ಲ. ಇನ್ನು ಆಲಿಕಲ್ಲು ಬಿತ್ತು, ಹೊಲಕ್ಕೆ ನೀರು ನುಗ್ತು ಅಂದ್ರೆ 72 ಗಂಟೆ ಒಳಗೆ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಫೋನ್ ಮಾಡಿ ದೂರು ಬರೆಸಿ ನಂಬರ್ ಇಸ್ಕೊಳ್ಳಿ. ಕೊಯ್ದು ಹೊಲದಲ್ಲೇ ಒಣಗೋಕೆ ಹಾಕಿದ್ದ ಬೆಳೆಗೂ 14 ದಿನದ ತನಕ ಈ ರಕ್ಷಣೆ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ.

ಪ್ರಶ್ನೆ: ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸಾಪಿಗೆ ಒಂದು ಫೈಲ್ ಬಂದಿದೆ, ಇನ್‌ಸ್ಟಾಲ್ ಮಾಡಿ ಅಂತಿದೆ.
(ಓದುಗ, ಮಂಡ್ಯ)

ಉತ್ತರ: ಮುಟ್ಬೇಡಿ. ಸರ್ಕಾರ ಹಂಗೆ ಆಪ್ ಕಳಿಸಲ್ಲ. ಆಗ್ಲೇ ಒತ್ತಿದ್ರೆ ಡೇಟಾ ಆಫ್ ಮಾಡಿ, ಬ್ಯಾಂಕಿಗೆ ಹೇಳಿ, ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಂದು ಎರಡು ಹಸು. ಫೋನಿರೋದು ಯಜಮಾನರ ಹತ್ರ, ಸಂಜೆ ಮಾತ್ರ ನನ್ನ ಕೈಗೆ ಬರುತ್ತೆ. ನನಗೇನಾದ್ರೂ ಉಪಯೋಗ ಇದ್ಯಾ?
(ಓದುಗಿ, ಕೋಲಾರ ಜಿಲ್ಲೆ)

ಉತ್ತರ: ಈ ಪ್ರಶ್ನೆ ಬರೆದಿದ್ದಕ್ಕೆ ತುಂಬಾ ಖುಷಿ ಆಯ್ತು ಅಕ್ಕ. ಹಾಲು ಕರೆಯೋರು ನೀವು, ಫೋನ್ ಮಾತ್ರ ಇನ್ನೊಬ್ಬರ ಜೇಬಲ್ಲಿ. ಕೆನ್ಯಾದಲ್ಲಿ ಸು ಕಹುಂಬು ಅನ್ನೋ ಹೆಣ್ಣುಮಗಳು 2011ರಲ್ಲಿ 'ಐಕೌ' ಅಂತ ಶುರು ಮಾಡಿದ್ರು, ಸಾದಾ ಫೋನಿಗೇ ಮೆಸೇಜ್ ಬರೋದು. ಹಸುಗೆ ಗಬ್ಬ ಕಟ್ಟಿಸಿದ ದಿನ ತಿಳಿಸಿದ್ರೆ ಆಮೇಲೆ ಯಾವಾಗ ಏನು ಮಾಡ್ಬೇಕು ಅಂತ ಅದೇ ನೆನಪಿಸ್ತಾ ಹೋಗುತ್ತೆ. ನೀವು ಸಂಜೆ ಸಿಗೋ ಅರ್ಧ ಗಂಟೇಲಿ ಇದನ್ನೇ ಕೈಯಾರೆ ಮಾಡ್ಕೋಬಹುದು, ಫೋನಿನ ಕ್ಯಾಲೆಂಡರಲ್ಲಿ ಗಬ್ಬದ ಇಂಜೆಕ್ಷನ್ ಕೊಡಿಸಿದ ದಿನ ಹಾಕಿ. ಅಲ್ಲಿಂದ 21 ದಿನಕ್ಕೆ ಒಂದು ಅಲಾರಂ, ಮತ್ತೆ ಬೆದೆಗೆ ಬಂತಾ ನೋಡೋಕೆ. ಏಳು ತಿಂಗಳಿಗೆ ಇನ್ನೊಂದು, ಹಾಲು ಬತ್ತಿಸೋಕೆ. 275ನೇ ದಿನಕ್ಕೆ ಮತ್ತೊಂದು, ಯಾಕಂದ್ರೆ 280ರ ಆಸುಪಾಸಲ್ಲಿ ಕರು ಹಾಕುತ್ತೆ, ಆ ವಾರ ಫೋನು ರಾತ್ರಿ ನಿಮ್ಮ ಹತ್ರಾನೇ ಇರ್ಲಿ ಅಂತ ಯಜಮಾನರಿಗೆ ಈಗ್ಲೇ ಹೇಳಿಡಿ. ಅದರಲ್ಲಿ 1962 ಕೂಡ ಸೇವ್ ಆಗಿರ್ಲಿ, ಅದು ಪಶು ಆಂಬುಲೆನ್ಸಿನ ನಂಬರು.