ಆ ಹುಡುಗನನ್ನು ಕೊಲ್ಲಬೇಡಿ

ಪ್ರಿಯ ಗೆಳೆಯರೇ,

ನಿಮ್ಮ ಕಥೆ ಕೈಸೇರಿ ಮೂರು ವಾರ ಆಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇದನ್ನು ಕೊನೆಯವರೆಗೆ ಬಚ್ಚಿಟ್ಟು ನಿಮ್ಮನ್ನು ಕಾಯಿಸುವುದು ಬೇಡ ಅಂತ ಮೊದಲೇ ಹೇಳಿದೆ. ಸಾಮಾನ್ಯವಾಗಿ ನಾನು ಎರಡು ಸಾಲಿನಲ್ಲಿ ಉತ್ತರ ಮುಗಿಸುತ್ತೇನೆ. ಇಷ್ಟು ಉದ್ದ ಬರೆಯುತ್ತಿರುವುದು ನೀವು ಇದನ್ನು ಮತ್ತೆ ಬರೆಯಬೇಕು ಅಂತ ನನಗೆ ಬಲವಾಗಿ ಅನ್ನಿಸಿದ್ದಕ್ಕೆ.

ನಿಮ್ಮ ಕಥೆ ಇಷ್ಟು. ಕಲಬುರಗಿಯ ಹುಡುಗ, ಎಡಗಾಲಿನ ಆಟಗಾರ, ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಆಯ್ಕೆಯಾಗುತ್ತಾನೆ. ಅವನು ಗೇ. ಫೈನಲ್ ಗೆದ್ದ ಸಂಜೆ ಪತ್ರಿಕಾಗೋಷ್ಠಿಯಲ್ಲಿ ಅದನ್ನು ಎಲ್ಲರ ಮುಂದೆ ಹೇಳುತ್ತಾನೆ. ತಂಡ ದೂರ ಮಾಡುತ್ತದೆ. ಅಪ್ಪ ಬಾಗಿಲು ಹಾಕುತ್ತಾನೆ. ಹುಡುಗ ಸಾಯುತ್ತಾನೆ. ನಡುವೆ ಮೂರು ಪುಟ ವಿದೇಶಿ ಆಟಗಾರರ ಹೆಸರುಗಳಿವೆ.

ಎರಡನೇ ಪುಟ ನನಗೆ ತುಂಬಾ ಇಷ್ಟವಾಯಿತು. ಮಳೆಗಾಲದ ಎರೆಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲೂ ಎರಡು ಸೇರು ಭಾರವಾಗುವುದು. ತಾಯಿ ಅದನ್ನು ಹಳೇ ಚಮಚದಿಂದ ಕೆರೆದು, ಶಹಾಬಾದ್ ಕಲ್ಲಿನ ಅಂಗಳದಲ್ಲಿ ಬೂಟುಗಳನ್ನು ಮಗುಚಿ ಒಣಗಿಸುವುದು. ಇದನ್ನು ನೀವು ಎಲ್ಲೂ ಓದಿ ಬರೆದದ್ದಲ್ಲ, ಕಣ್ಣಾರೆ ಕಂಡದ್ದು. ಆದರೆ ಮೂರನೇ ಪುಟದಿಂದ ಆ ಮಣ್ಣು ಕಾಣೆಯಾಗುತ್ತದೆ. ಡ್ರೆಸ್ಸಿಂಗ್ ರೂಮು, ಲಾಕರು, ಶವರು ಬರುತ್ತವೆ. ಅದೂ ಹುಡುಗ ಇನ್ನೂ ಕಲಬುರಗಿಯಲ್ಲೇ ಆಡುತ್ತಿರುವಾಗ. ನಮ್ಮ ಹುಡುಗರು ಬಟ್ಟೆ ಬದಲಿಸುವುದು ಎಲ್ಲಿ? ಬೇವಿನ ಮರದ ಹಿಂದೆ, ಸಾಲಾಗಿ ನಿಲ್ಲಿಸಿದ ಬೈಕುಗಳ ಮರೆಯಲ್ಲಿ, ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು, ಅಲ್ವಾ? ಇಬ್ಬರು ಟವೆಲ್ ಹಿಡಿಯುತ್ತಾರೆ, ಒಬ್ಬ ಬದಲಿಸುತ್ತಾನೆ. ಉಳಿದವರು ಟವೆಲ್ ಎಳೆದು ನಗುತ್ತಾರೆ. ಆ ನಗುವಿನ ನಡುವೆ ನಿಮ್ಮ ಹುಡುಗ ಕಣ್ಣು ಎಲ್ಲಿಡುತ್ತಾನೆ? ಅವನು ಮನೆಯಿಂದಲೇ ಜರ್ಸಿ ಹಾಕಿಕೊಂಡು ಬರುವವನಾಗಿರಬಹುದು. ಯಾಕೆ ಹಾಗೆ ಬರುತ್ತಾನೆ ಅಂತ ಯಾರೂ ಕೇಳದೇ ಇರಬಹುದು. ಅಂಥ ಒಂದು ಪ್ಯಾರಾ ಇದ್ದರೆ ಅವನ ಒಳಗಿನ ಕಷ್ಟದ ಬಗ್ಗೆ ನೀವು ಬರೆದ ಒಂದೂವರೆ ಪುಟ ಬೇಕಾಗುವುದಿಲ್ಲ.

ಇನ್ನು ಮಾತಿನ ವಿಷಯ. ಪತ್ರಿಕಾಗೋಷ್ಠಿಯಲ್ಲಿ ನಿಮ್ಮ ನಾಯಕ, "ನನ್ನ ನಿಜವಾದ ಅಸ್ಮಿತೆಯನ್ನು ಅಪ್ಪಿಕೊಳ್ಳಲು ನಾನು ಹೆಮ್ಮೆಪಡುತ್ತೇನೆ" ಅನ್ನುತ್ತಾನೆ. ತಾಯಿ, "ಮಗನೇ, ನೀನು ಸಲಿಂಗಕಾಮಿಯೇ?" ಅಂತ ಕೇಳುತ್ತಾಳೆ. ಆಳಂದ ರಸ್ತೆಯ ಯಾವ ಮನೆಯಲ್ಲಿ ಹೀಗೆ ಮಾತಾಡುತ್ತಾರೆ? ಬೂಟಿನ ಮಣ್ಣು ಕೆರೆಯುತ್ತಿದ್ದ ಆ ತಾಯಿ "ಯಾಕಲೇ, ಊಟ ಮಾಡವಲ್ಲಿ, ಏನಾಗ್ಯಾದ?" ಅನ್ನುತ್ತಾಳೆ. ಅವಳಿಗೆ ಆ ಪತ್ರಿಕೆ ಭಾಷೆಯ ಶಬ್ದವೇ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಬಾಯಿಗೆ ಬರುವುದಿಲ್ಲ. ಅದರಲ್ಲಿ 'ಕಾಮ' ಇದೆ. ಮಗನ ಮುಂದೆ ಯಾವ ತಾಯಿ ಹಾಗೆ ಅಂದಾಳು?

ನಿಮ್ಮ ಹುಡುಗನ ನಿಜವಾದ ಕಷ್ಟ ಇಲ್ಲೇ ಇದೆ. ಹೇಳಲು ಧೈರ್ಯ ಬಂದ ದಿನವೂ ಅವನ ಕೈಯಲ್ಲಿ ಶಬ್ದ ಇಲ್ಲ. 'ಗೇ' ಅನ್ನುವುದನ್ನು ಮೊಬೈಲಿನಲ್ಲಿ ಕಲಿತಿದ್ದಾನೆ. ಅದು ಅವನಿಗೆ ಹೊಂದುತ್ತದೆ, ಅವ್ವನಿಗೆ ಅರ್ಥವಾಗುವುದಿಲ್ಲ. ಅವ್ವನಿಗೆ ಅರ್ಥವಾಗುವ ಶಬ್ದಗಳೆಲ್ಲ ಬೈಗುಳ. ಗ್ರೌಂಡಿನಲ್ಲಿ ಕೇಳಿದ್ದೀರಲ್ಲ: ಹೆಣ್ಣಿಗ, ಬಳೆ ತೊಟ್ಕೊ, ಛಕ್ಕಾ. ನಮ್ಮಲ್ಲಿ ಫುಟ್‌ಬಾಲ್ ಆಡುವ ಜಾಗದ ಪಕ್ಕದಲ್ಲೇ ಕ್ರಿಕೆಟ್ ನಡೆಯುತ್ತಿರುತ್ತದೆ. ಅಲ್ಲಿ ಯಾರೋ ಸಿಕ್ಸ್ ಎತ್ತಿದರೆ ಹತ್ತು ಜನ "ಛಕ್ಕಾ!" ಅಂತ ಕೂಗುತ್ತಾರೆ. ಈ ಕಡೆ ನಿಮ್ಮ ಹುಡುಗ ಕಾರ್ನರ್ ಹೊಡೆಯಲು ಚೆಂಡು ಇಡುತ್ತಿದ್ದಾನೆ. ಆ ಕೂಗು ಸಿಕ್ಸಿಗೋ, ತನಗೋ ಅಂತ ತಲೆ ಎತ್ತಿ ನೋಡುತ್ತಾನೆ. ಎಷ್ಟು ವರ್ಷದಿಂದ ಹೀಗೆ ತಲೆ ಎತ್ತುತ್ತಿದ್ದಾನೆ? ನೀವು ಹೋಗಿ ನಿಲ್ಲಬೇಕಾದ ಜಾಗ ಆ ಕಾರ್ನರ್.

ಅವನು ಕೊನೆಗೆ ಏನು ಹೇಳಬೇಕು ಅಂತ ನಾನು ಹೇಳುವುದಿಲ್ಲ. ಸುಮ್ನೆ ಒಂದು ದಾರಿ ತೋರಿಸುತ್ತೇನೆ. "ನಂಗ ಮದುವಿ ಬ್ಯಾಡ ಅವ್ವಾ." "ಈಗ ಬ್ಯಾಡ, ಎರಡು ವರ್ಷ ಬಿಟ್ಟು ಆಗು." "ಯಾವಾಗೂ ಬ್ಯಾಡ." ಈ ಮೂರು ಮಾತಿನ ನಂತರ ಆ ಅಡುಗೆಮನೆಯಲ್ಲಿ ಏನಾಗುತ್ತದೆ, ಅದನ್ನು ಬರೆಯಿರಿ.

ಈಗ ತಾವು ಗೇ ಅಂತ ಹೇಳಿಕೊಂಡ ವಿದೇಶಿ ಆಟಗಾರರ ಆ ಮೂರು ಪುಟದ ಪಟ್ಟಿ. ಅದರಲ್ಲಿ ತಪ್ಪುಗಳಿವೆ. ಜೋಶ್ ಕವಾಲೊ ಇಂಗ್ಲೆಂಡಿನವನಲ್ಲ, ಆಸ್ಟ್ರೇಲಿಯಾದವನು. 2021ರ ಅಕ್ಟೋಬರಿನಲ್ಲಿ ಅಡಿಲೇಡ್ ಯುನೈಟೆಡ್‌ನಲ್ಲಿ ಆಡುತ್ತಿದ್ದಾಗ ವಿಡಿಯೊದಲ್ಲಿ ಹೇಳಿಕೊಂಡ. ಆಗ ವಯಸ್ಸು 21. ಜೇಕ್ ಡೇನಿಯಲ್ಸ್ ಪ್ರೀಮಿಯರ್ ಲೀಗಿನವನಲ್ಲ. 2022ರ ಮೇ ತಿಂಗಳಲ್ಲಿ ಹೇಳಿಕೊಂಡಾಗ ಅವನ ಬ್ಲ್ಯಾಕ್‌ಪೂಲ್ ತಂಡ ಎರಡನೇ ಹಂತದ ಲೀಗಿನಲ್ಲಿತ್ತು. ಥಾಮಸ್ ಹಿಟ್ಸಲ್‌ಸ್ಪರ್ಗರ್ ಆಡುತ್ತಿರುವಾಗ ಹೇಳಿದ ಅಂತ ಬರೆದಿದ್ದೀರಿ. ಜರ್ಮನಿಗೆ 52 ಪಂದ್ಯ ಆಡಿದ, ಇಂಗ್ಲೆಂಡಿನಲ್ಲೂ ಹೆಸರು ಮಾಡಿದ ಆ ಮನುಷ್ಯ ಬಾಯಿ ಬಿಟ್ಟದ್ದು 2014ರ ಜನವರಿಯಲ್ಲಿ, ಆಟ ಬಿಟ್ಟ ಮೇಲೆ. ಈ ವ್ಯತ್ಯಾಸ ಸಣ್ಣದಲ್ಲ. ಅಷ್ಟು ದೊಡ್ಡ ಆಟಗಾರನೂ ಬೂಟು ಬಿಚ್ಚಿಟ್ಟ ಮೇಲೇ ಹೇಳಬೇಕಾಯಿತು ಅಂದರೆ, ಆ ಬೂಟಿನ ಒಳಗೆ ಏನಿತ್ತು ಅಂತ ಯೋಚನೆ ಮಾಡಿ.

ಇಸವಿಗಳನ್ನು ತಿದ್ದಿದರೂ ಆ ಪಟ್ಟಿಯನ್ನು ಕಥೆಯಿಂದ ತೆಗೆಯಿರಿ. ನೀವು ಅಷ್ಟು ಓದಿದ್ದು ವ್ಯರ್ಥ ಅಂತ ಅಲ್ಲ. ಓದಿದ್ದರಿಂದ ಹೆಸರು ತೆಗೆದುಕೊಂಡಿರಿ, ತೆಗೆದುಕೊಳ್ಳಬೇಕಾದದ್ದನ್ನು ಅಲ್ಲೇ ಬಿಟ್ಟಿರಿ. ಡೇನಿಯಲ್ಸ್‌ಗೆ ಆಗ ಬರೀ 17 ವರ್ಷ. ಮೊದಲು ಹೇಳಿದ್ದು ತಾಯಿಗೆ ಮತ್ತು ಸೋದರಿಗೆ. ಮರುದಿನ ಮ್ಯಾಚ್ ಇತ್ತು. ಅದರಲ್ಲಿ ನಾಲ್ಕು ಗೋಲು ಹೊಡೆದೆ ಅಂತ ಅವನೇ ಹೇಳಿದ್ದಾನೆ. ನಾಲ್ಕು! ಹಿಂದಿನ ರಾತ್ರಿ ಇಳಿದ ಭಾರ ಎಷ್ಟಿತ್ತು ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳಲು ಸಾಧ್ಯ? ಗೆಳೆಯರಿಗೆ ಅನುಮಾನ ಬರಬಾರದು ಅಂತ ಚಿಕ್ಕವನಿದ್ದಾಗ ಗರ್ಲ್‌ಫ್ರೆಂಡ್ ಇಟ್ಟುಕೊಂಡಿದ್ದನ್ನೂ ಹೇಳಿದ್ದಾನೆ. ಇದು ಕಲಬುರಗಿಗೂ ಬರುತ್ತದೆ. ನಮ್ಮಲ್ಲಿ ಆ ಸುಳ್ಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಲಗ್ನಪತ್ರಿಕೆ ಆಗುತ್ತದೆ. ಆಮೇಲೆ ಇನ್ನೊಬ್ಬಳ ಬದುಕೂ ಅದರಲ್ಲಿ ಸೇರುತ್ತದೆ.

ಇಂಗ್ಲೆಂಡಿನ ಆಟಗಾರ ಜಸ್ಟಿನ್ ಫಶಾನು ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಕಥೆಯ ಕೊನೆಗೆ ನೀವು ಅವರ ಸಾವನ್ನು ಸಾಲ ತಂದಿದ್ದೀರಿ ಅಂತ ನನಗೆ ಅನ್ನಿಸುತ್ತದೆ. 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡ ಅವರನ್ನು ಹತ್ತು ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಬ್ರಿಟನ್ನಿನಲ್ಲಿ ಅಷ್ಟು ಬೆಲೆ ಬಂದ ಮೊದಲ ಕಪ್ಪು ಆಟಗಾರ. ಅಲ್ಲಿನ ಮ್ಯಾನೇಜರ್ ಬ್ರಯನ್ ಕ್ಲಫ್‌ಗೆ ಈ ಹುಡುಗ ಗೇ ಕ್ಲಬ್ಬುಗಳಿಗೆ ಹೋಗುತ್ತಾನೆ ಅಂತ ಗೊತ್ತಾಯಿತು. ಕರೆದು ಕೇಳಿದರಂತೆ: ಬ್ರೆಡ್ ಬೇಕಾದರೆ ಎಲ್ಲಿಗೆ ಹೋಗ್ತೀ? ಬೇಕರಿಗೆ. ಮಾಂಸ ಬೇಕಾದರೆ? ಕಸಾಯಿ ಅಂಗಡಿಗೆ. ಹಾಗಾದರೆ ಆ ಕ್ಲಬ್ಬಿಗೆ ಯಾಕೆ ಹೋಗ್ತೀ? ಈ ಮಾತುಕತೆಯನ್ನು ಮುಂದೆ ಕ್ಲಫ್ ತಾವೇ ಬರೆದುಕೊಂಡಿದ್ದಾರೆ. ಗಮನಿಸಿ, ಕೊನೆಯ ಪ್ರಶ್ನೆಯವರೆಗೆ ಅದರಲ್ಲಿ ಒಂದೂ ಕೆಟ್ಟ ಶಬ್ದ ಇಲ್ಲ. ನಿಮ್ಮ ಕಥೆಯ ಕೋಚ್ ಮೇಜು ಗುದ್ದಿ ಕಿರುಚುತ್ತಾನೆ. ನಿಜವಾದ ಅವಮಾನ ಎಷ್ಟೋ ಸಲ ಬ್ರೆಡ್ಡಿನ ಹಾಗೆ ಮೆತ್ತಗೆ ಬರುತ್ತದೆ.

ಫಶಾನು ಹೊರಗೆ ಹೇಳಿಕೊಂಡದ್ದು 1990ರಲ್ಲಿ. ತೀರಿಕೊಂಡದ್ದು 1998ರಲ್ಲಿ, 37ನೇ ವಯಸ್ಸಿಗೆ, ತಮ್ಮ ಕೈಯಿಂದಲೇ. ನೀವು "ಹೇಳಿದ ಕೂಡಲೇ" ಅಂತ ಬರೆದಿದ್ದೀರಿ. ನಡುವೆ ಎಂಟು ವರ್ಷ ಇದ್ದವು. ಆ ಎಂಟು ವರ್ಷದಲ್ಲಿ ಅವರು ಇಂಗ್ಲೆಂಡಿನ ಟಾರ್ಕಿ ತಂಡದಲ್ಲಿ ಆಡಿದರು, ಸ್ಕಾಟ್ಲೆಂಡಿಗೆ ಹೋಗಿ ಆಡಿದರು, ಗೋಲು ಹೊಡೆದರು. ಸ್ವಂತ ತಮ್ಮ, ಅವನೂ ಹೆಸರಾಂತ ಆಟಗಾರ, ಪತ್ರಿಕೆಯಲ್ಲೇ ಅಣ್ಣನನ್ನು ದೂರ ಮಾಡಿದ. ವರ್ಷಗಳ ನಂತರ ಅದಕ್ಕೆ ಎಲ್ಲರ ಮುಂದೆ ಪಶ್ಚಾತ್ತಾಪ ಪಟ್ಟ. ಸಾವಿಗೆ ಸ್ವಲ್ಪ ಮೊದಲು ಅಮೆರಿಕದಲ್ಲಿ ಫಶಾನು ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಬಂದಿತ್ತು. ಬಿಟ್ಟುಹೋದ ಚೀಟಿಯಲ್ಲಿ ಅವರು ಅದನ್ನು ನಿರಾಕರಿಸಿದ್ದರು. ಇಷ್ಟೆಲ್ಲ ಇರುವ ಒಂದು ಬದುಕನ್ನು 'ಹೇಳಿದ, ಸತ್ತ' ಅಂತ ಎರಡು ಶಬ್ದಕ್ಕೆ ಇಳಿಸಬಾರದು.

ನಿಮ್ಮ ಹುಡುಗನನ್ನೂ ಕೊಲ್ಲಬೇಡಿ. ಇದು ನನ್ನ ದೊಡ್ಡ ತಕರಾರು, ಇದರಲ್ಲಿ ನಾನು ಬಗ್ಗುವುದಿಲ್ಲ. ನಮ್ಮ ಪತ್ರಿಕೆ ಸೇಡಂ, ಚಿತ್ತಾಪುರ, ಸುರಪುರದ ಹಾಸ್ಟೆಲುಗಳಿಗೂ ಹೋಗುತ್ತದೆ. ಅಲ್ಲಿ ಒಬ್ಬ ಹುಡುಗ ಕದ್ದು ಇದನ್ನು ಓದುತ್ತಾನೆ ಅಂತ ಇಟ್ಟುಕೊಳ್ಳಿ. ತನ್ನಂಥವನೊಬ್ಬ ಕನ್ನಡದ ಕಥೆಯಲ್ಲಿ ಬಂದಿದ್ದಾನೆ ಅಂತ ಅವನ ಎದೆ ಹೊಡೆದುಕೊಳ್ಳುತ್ತದೆ. ಕೊನೆಯ ಪುಟದಲ್ಲಿ ಅವನಿಗೆ ನೀವು ಏನು ಕೊಡುತ್ತಿದ್ದೀರಿ? ಇದರರ್ಥ ಸುಳ್ಳು ಸುಖಾಂತ ಬೇಕು ಅಂತಲ್ಲ. ನಿಜವೇ ಬೇರೆ ಬೇರೆ ತರಹ ಇದೆ. ಅಮೆರಿಕದ ರಾಬಿ ರಾಜರ್ಸ್ 2013ರಲ್ಲಿ ತಾನು ಗೇ ಅಂತ ಬರೆದು, ಅದೇ ಉಸಿರಿನಲ್ಲಿ ಆಟವನ್ನೂ ಬಿಟ್ಟ. ಕೆಲವೇ ತಿಂಗಳಲ್ಲಿ ಮೈದಾನಕ್ಕೆ ವಾಪಸ್ ಬಂದ. ಮರುವರ್ಷ ಅವನ ತಂಡ ಅಲ್ಲಿನ ಲೀಗ್ ಕಪ್ ಗೆದ್ದಿತು. ಕವಾಲೊಗೆ ಹೇಳಿಕೊಂಡ ಮೂರು ತಿಂಗಳಲ್ಲೇ ಎದುರು ತಂಡದ ಮೈದಾನದಲ್ಲಿ ಕೆಟ್ಟ ಬೈಗುಳ ಬಿದ್ದವು. ಅದೇ ಕವಾಲೊ 2024ರ ಮಾರ್ಚಿನಲ್ಲಿ ತನ್ನ ಕ್ಲಬ್ಬಿನ ಮೈದಾನದ ಹುಲ್ಲಿನ ಮೇಲೆ ಮಂಡಿಯೂರಿ ತನ್ನ ಸಂಗಾತಿಯನ್ನು ಮದುವೆಗೆ ಕೇಳಿದ. ಬೈಗುಳ ಮತ್ತು ಉಂಗುರ ಎರಡೂ ಒಬ್ಬನದೇ ಬದುಕಿನಲ್ಲಿ.

ದೂರದವರು ಬೇಡ ಅಂದರೆ ದ್ಯುತಿ ಚಂದ್ ಇದ್ದಾರೆ. ಒಡಿಶಾದ ನೇಕಾರರ ಮನೆಯ ಓಟಗಾರ್ತಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಮಿನ ತೀರ್ಪು ಕೊಟ್ಟಿತು, ವಯಸ್ಕರು ಒಪ್ಪಿ ಕೂಡುವುದು ಅಪರಾಧ ಅಲ್ಲ ಅಂತ. ಮುಂದಿನ ವರ್ಷ ದ್ಯುತಿ ತನಗೆ ಒಬ್ಬ ಹುಡುಗಿಯ ಜೊತೆ ಸಂಬಂಧ ಇದೆ ಅಂತ ಎಲ್ಲರಿಗೂ ಹೇಳಿದರು. ಮನೆಯವರೇ ವಿರೋಧಿಸಿದರು. ಅವರು ಓಡುವುದು ಬಿಡಲಿಲ್ಲ. ನಿಮ್ಮ ಹುಡುಗ ಆ ಸುದ್ದಿಯನ್ನು ಸೂಪರ್ ಮಾರ್ಕೆಟ್ ಹತ್ತಿರದ ಚಹಾ ಅಂಗಡಿಯಲ್ಲಿ ಟೀವಿಯಲ್ಲಿ ನೋಡಿರಬಹುದು. ಪಕ್ಕದವರು ಏನಂದರು? ಅವನು ಚಹಾ ಮುಗಿಸಿದನೋ, ಅರ್ಧಕ್ಕೇ ಎದ್ದನೋ?

ಇನ್ನೊಂದು ಮಾತು. ನಿಮ್ಮ ಪತ್ರದ ಕೊನೆಯಲ್ಲಿ "ಇದು ನನ್ನ ಗೆಳೆಯನ ನಿಜ ಕಥೆ, ಪತ್ರಿಕಾಗೋಷ್ಠಿ ಮತ್ತು ಸಾವು ಮಾತ್ರ ಕಲ್ಪನೆ" ಅಂತ ಬರೆದಿದ್ದೀರಿ. ಅದನ್ನು ಓದಿ ನಾನು ಹಾಳೆ ಕೆಳಗಿಟ್ಟೆ. ಅವನನ್ನು ಕೇಳಿದ್ದೀರಾ? ಎಡಗಾಲಿನ ವಿಂಗರ್, ಅಪ್ಪನ ಕಿರಾಣಿ ಅಂಗಡಿ ಇರುವ ಗಲ್ಲಿ, ಹುಬ್ಬಿನ ಮೇಲಿನ ಗಾಯ, ಎಲ್ಲವನ್ನೂ ಇದ್ದ ಹಾಗೇ ಬರೆದಿದ್ದೀರಿ. ಕಲಬುರಗಿ ಎಷ್ಟು ಬೆಳೆದರೂ ಫುಟ್‌ಬಾಲ್ ಆಡುವವರ ಲೋಕ ಚಿಕ್ಕದು. ಅಚ್ಚಾದ ಸಂಜೆಯೇ ಅವನ ಹೆಸರು ಗ್ರೌಂಡಿನಲ್ಲಿ ಓಡಾಡುತ್ತದೆ. ನಾನು ಮೇಲೆ ಹೇಳಿದವರಲ್ಲಿ ಹೆಚ್ಚಿನವರು ತಮ್ಮ ದಿನವನ್ನು ತಾವೇ ಆರಿಸಿಕೊಂಡರು. 2023ರಲ್ಲಿ ಜೆಕ್ ದೇಶದ ಯಾಕುಬ್ ಯಾಂಕ್ಟೊ ಕ್ಯಾಮೆರಾ ಮುಂದೆ ನಿಂತು, ಇನ್ನು ಬಚ್ಚಿಟ್ಟುಕೊಳ್ಳಲು ಇಷ್ಟವಿಲ್ಲ ಅಂದಾಗ ಅವನ ಬಾಯಿಂದ ಅವನದೇ ಮಾತು ಬಂತು. ನಿಮ್ಮ ಗೆಳೆಯನ ದಿನ ಅವನ ಕೈಯಲ್ಲಿರಲಿ. ಅವನಿಗೆ ಓದಿ ತೋರಿಸಿ. ಬೇಡ ಅಂದರೆ ಬೇಡ. ಹೂಂ ಅಂದರೂ ಗಲ್ಲಿ, ಗಾಯ, ಆಡುವ ಜಾಗ ಎಲ್ಲ ಬದಲಿಸಿ. ಅವನನ್ನು ಗೋಲ್‌ಕೀಪರ್ ಮಾಡಿ. ಬೀದರಿನವನನ್ನಾಗಿ ಮಾಡಿ.

ಪತ್ರಿಕಾಗೋಷ್ಠಿಯನ್ನೂ ಬಿಡಿ. ನಮ್ಮ ಹುಡುಗರು ಫುಟ್‌ಬಾಲ್ ನೆಚ್ಚಿಕೊಳ್ಳುವುದು ರೈಲ್ವೆಯಲ್ಲೋ ಪೊಲೀಸಿನಲ್ಲೋ ಕ್ರೀಡಾ ಕೋಟಾದ ನೌಕರಿ ಸಿಗಲಿ ಅಂತ. ಆ ಆಸೆ ಇರುವವನು ಮೈಕಿನ ಮುಂದೆ ಬಾಯಿ ಬಿಡುವುದಿಲ್ಲ. ಒಬ್ಬನಿಗೆ ಹೇಳುತ್ತಾನೆ. ಟ್ರಯಲ್ಸಿಗೆ ಬೆಂಗಳೂರಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ, ಯಾದಗಿರಿ ದಾಟಿದ ಮೇಲೆ, ಪಕ್ಕದ ಬರ್ತಿನ ಗೆಳೆಯನಿಗೆ. ಕೃಷ್ಣಾ ಸೇತುವೆಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ. ಅದನ್ನು ಮತ್ತೆ ಹೇಳಬೇಕಾಗುತ್ತದೆ. ಎರಡನೇ ಸಲ ಹೇಳುವುದು ಎಷ್ಟು ಕಷ್ಟ ನೋಡಿ.

ಅಜ್ಜನ ಪಾತ್ರ ಹೆಸರಿಗೆ ಮಾತ್ರ ಬಂದು ಹೋಗುತ್ತದೆ. ಬೆಳೆಸಬಹುದು. ಈ ಭಾಗ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಫುಟ್‌ಬಾಲ್ ಪಂದ್ಯಾವಳಿ ಗೆದ್ದ ಕಾಲ ಅಜ್ಜನಿಗೆ ನೆನಪಿರುತ್ತದೆ. ಮೊಮ್ಮಗನ ಎಡಗಾಲನ್ನು ಮೊದಲು ಗುರುತಿಸಿದವನು ಅವನೇ ಆಗಿರಲಿ.

ಇದನ್ನೆಲ್ಲ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ನಿಮಗೆ ತಿಳಿಯಬೇಕು. ನಾನು ಓದುವಾಗ ಹಾಸ್ಟೆಲ್ ತಂಡದಲ್ಲಿ ಡಿಫೆಂಡರ್ ಆಗಿದ್ದೆ. ನಮ್ಮಲ್ಲಿ ಒಬ್ಬ ವಿಂಗರ್ ಇದ್ದ, ಬಹಳ ಚುರುಕು. ಅವನ ನಡಿಗೆ ನೋಡಿ ಯಾರೋ ಒಂದು ಅಡ್ಡಹೆಸರು ಇಟ್ಟರು. ಯಾವ ಹೆಸರು ಅಂತ ನಿಮಗೆ ಗೊತ್ತು. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಒಂದು ಸೋಮವಾರ ಅವನು ಪ್ರಾಕ್ಟೀಸಿಗೆ ಬರಲಿಲ್ಲ. ಮರುದಿನವೂ ಇಲ್ಲ. ಅವನ ಕೋಣೆ ನನ್ನ ಕೋಣೆಯಿಂದ ನಾಲ್ಕನೆಯದು. ನಾನು ಹೋಗಿ ಬಾಗಿಲು ಬಡಿಯಲಿಲ್ಲ. ಗುರುವಾರದ ಹೊತ್ತಿಗೆ ಬೇರೆ ವಿಂಗರ್ ಸಿಕ್ಕಿದ್ದ. ನಿಮ್ಮ ಕಥೆಯಲ್ಲಿ ತಂಡದ ಹತ್ತು ಜನರಿಗೆ ಮುಖವೇ ಇಲ್ಲ. ಅವರಲ್ಲಿ ಒಬ್ಬನಿಗಾದರೂ ಮುಖ ಕೊಡಿ, ನಕ್ಕವನಿಗೇ ಕೊಡಿ. ಅವನ ಮನಸ್ಸು ಹೇಗಿರುತ್ತದೆ ಅಂತ ಬೇಕಾದರೆ ನನ್ನನ್ನು ಕೇಳಿ, ಹೇಳುತ್ತೇನೆ.

ಅವಸರ ಬೇಡ. ಮೊದಲು ಗೆಳೆಯನ ಹತ್ತಿರ ಮಾತಾಡಿ. ಆಮೇಲೆ ಒಂದು ದಿನ ಬಿಸಿಲೇರುವ ಮೊದಲು, ಆರು ಗಂಟೆಗೆ, ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಹೋಗಿ ಕೂತು ಬನ್ನಿ. ನೋಟ್‌ಬುಕ್ ಒಯ್ಯಬೇಡಿ. ಆ ಎರಡನೇ ಪುಟವನ್ನು ಮಾತ್ರ ಒಂದು ಅಕ್ಷರವನ್ನೂ ಮುಟ್ಟದೆ ಹಾಗೇ ಇಟ್ಟುಕೊಂಡು, ಮುಂದಿನದನ್ನು ಹೊಸದಾಗಿ ಬರೆದು ಕಳಿಸಿ.

ನಿಮ್ಮ,
ಸಂಪಾದಕ